ಕಾಗದದ ತೂಕವೂ ಲೇಖನಿಯ ಮಸಿಯೂ

ಮಸಿಪೆನ್ನಿನಲ್ಲಿ ಬರೆಯುವವರು, ಅದರಲ್ಲಿಯೂ ದಿನಚರಿಯನ್ನು ಬರೆದಿಡುವ ಅಭ್ಯಾಸವುಳ್ಳವರು, ಕಾಗದವನ್ನು ಕೊಳ್ಳಲು ಹೋದಾಗ ಮೊದಲು ಕೇಳುವ ಪ್ರಶ್ನೆ ಒಂದೇ: "ಇದು ಎಷ್ಟು ಗ್ರಾಮಿನ ಕಾಗದ?" ಅಂಗಡಿಯವರಿಂದ ದೊರೆಯುವ ಉತ್ತರವೂ ಸಾಮಾನ್ಯವಾಗಿ ಒಂದೇ. ಗ್ರಾಂ ಹೆಚ್ಚಿದಷ್ಟೂ ಕಾಗದವು ಒಳ್ಳೆಯದು, ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು ಎಂದು ಅವರು ಹೇಳುವರು. ಸಂಡೂರಿನಿಂದ ಹೊಸಪೇಟೆಗೆ ದಿನವೂ ಬಸ್ಸಿನಲ್ಲಿ ಓದಲು ಬರುವ ವಿದ್ಯಾರ್ಥಿನಿಯೊಬ್ಬಳು ಈ ಮಾತನ್ನು ನಂಬಿ, ತಿಂಗಳ ಕೈಖರ್ಚಿನ ಹಣವನ್ನೆಲ್ಲ ಕೂಡಿಸಿ, 100 ಗ್ರಾಮಿನ ಕಾಗದದ ದಪ್ಪ ರಟ್ಟಿನ ಪುಸ್ತಕವೊಂದನ್ನು ಕೊಂಡಳು. ಮೊದಲನೆಯ ಪುಟದಲ್ಲಿಯೇ ಮಸಿ ಕೂದಲು ಕೂದಲಾಗಿ ಹರಡಿತು. ಹಾಳೆಯನ್ನು ಮಗುಚಿದರೆ ಹಿಂಬದಿಯಲ್ಲಿ ನೀಲಿಯ ಚುಕ್ಕೆಗಳು. ಅದೇ ಪೆನ್ನಿನಿಂದ, ಅದೇ ಮಸಿಯಿಂದ, ತಮ್ಮನ ತೆಳ್ಳನೆಯ ಶಾಲಾ ನೋಟುಪುಸ್ತಕದಲ್ಲಿ ಬರೆದಾಗ ಅಕ್ಷರಗಳು ಅಚ್ಚುಕಟ್ಟಾಗಿ ನಿಂತವು. "ತೂಕ ಹೆಚ್ಚಿದ್ದರೂ ಮಸಿ ಯಾಕೆ ಇಳೀತು ಸರ್?" ಎಂದು ಆಕೆ ಕೇಳಿದ ಪ್ರಶ್ನೆ ಅಂಗಡಿಯ ಪ್ರಶ್ನೆಯಲ್ಲ, ಭೌತಶಾಸ್ತ್ರದ ಪ್ರಶ್ನೆ. ಹತ್ತನೆಯ ತರಗತಿಯ ಗಣಿತವನ್ನು ಬಲ್ಲವರು ಅದರ ಉತ್ತರವನ್ನು ತಾವೇ ಕಂಡುಕೊಳ್ಳಬಹುದು.

ಮೊದಲು ಈ ಗ್ರಾಂ ಎಂದರೇನೆಂಬುದನ್ನು ತಿಳಿಯೋಣ. ಕಟ್ಟಿನ ಮೇಲೆ "75 ಜಿ.ಎಸ್.ಎಂ." ಎಂದು ಅಚ್ಚಾಗಿದ್ದರೆ, ಆ ಕಾಗದದ ಒಂದು ಚದರ ಮೀಟರಿನ ತೂಕ 75 ಗ್ರಾಂ ಎಂದು ಅರ್ಥ. ಇದು ಹಾಳೆಯ ತೂಕವೂ ಅಲ್ಲ, ಹಾಳೆಯ ದಪ್ಪವೂ ಅಲ್ಲ. ಎ-4 ಅಳತೆಯ ಹಾಳೆಯು 210 ಮಿಲಿಮೀಟರು ಅಗಲ, 297 ಮಿಲಿಮೀಟರು ಉದ್ದ ಇರುತ್ತದೆ. ಅದರ ವಿಸ್ತೀರ್ಣ 0.06237 ಚದರ ಮೀಟರು, ಅಂದರೆ ಹೆಚ್ಚುಕಡಮೆ ಒಂದು ಚದರ ಮೀಟರಿನ ಹದಿನಾರನೆಯ ಒಂದು ಪಾಲು. 75 ಗ್ರಾಮಿನ ಕಾಗದವಾದರೆ ಒಂದು ಹಾಳೆ ಸುಮಾರು 4.7 ಗ್ರಾಂ ತೂಗಬೇಕು, 500 ಹಾಳೆಗಳ ಕಟ್ಟು ಸುಮಾರು 2 ಕಿಲೋ 340 ಗ್ರಾಂ ತೂಗಬೇಕು. ಅಂಗಡಿಯಲ್ಲಿ ಬೇಳೆ ಸಕ್ಕರೆ ತೂಗುವ ತಕ್ಕಡಿಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಕಟ್ಟಿನ ಹೊದಿಕೆಯ ತೂಕವನ್ನು ಕಳೆಯಲು ಮಾತ್ರ ಮರೆಯಬಾರದು.

ಬಿಡಿ ಹಾಳೆಗಳನ್ನು ತೂಗಬೇಕಾದಾಗ ಬೇರೆ ಉಪಾಯವಿದೆ. ಅಳತೆಪಟ್ಟಿಯಿಟ್ಟು ಹತ್ತು ಸೆಂಟಿಮೀಟರು ಚೌಕದ ಹತ್ತು ತುಂಡುಗಳನ್ನು ಕತ್ತರಿಸಿರಿ. ಹತ್ತೂ ಕೂಡಿ ಒಂದು ಚದರ ಮೀಟರಿನ ಹತ್ತನೆಯ ಒಂದು ಭಾಗವಾಗುತ್ತದೆ. ಆದ್ದರಿಂದ ಅವುಗಳ ತೂಕವನ್ನು ಹತ್ತರಿಂದ ಗುಣಿಸಿದರೆ ಗ್ರಾಂ ಸಂಖ್ಯೆ ದೊರೆಯುತ್ತದೆ. ತುಂಡುಗಳು 7.2 ಗ್ರಾಂ ತೂಗಿದರೆ ಅದು 72 ಗ್ರಾಮಿನ ಕಾಗದ. ಇಲ್ಲಿ ಅಡುಗೆಮನೆಯ ತಕ್ಕಡಿ ನಡೆಯದು. ಅದರಲ್ಲಿ ಒಂದು ಗ್ರಾಂ ತಪ್ಪಾದರೆ ಫಲಿತಾಂಶದಲ್ಲಿ ಹತ್ತು ಗ್ರಾಂ ತಪ್ಪಾಗುತ್ತದೆ. ಕಾಲೇಜಿನ ಪ್ರಯೋಗಶಾಲೆಯ ತಕ್ಕಡಿಯಾಗಲಿ, ಪರಿಚಯದ ಅಕ್ಕಸಾಲಿಗರ ತಕ್ಕಡಿಯಾಗಲಿ ಬೇಕು. ಇನ್ನೊಂದು ಎಚ್ಚರಿಕೆಯುಂಟು. ಕಾಗದವು ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ಚೈತ್ರದ ಒಣ ಮಧ್ಯಾಹ್ನದಲ್ಲಿ ತೂಗಿದ 80 ಗ್ರಾಮಿನ ಕಾಗದವು ಶ್ರಾವಣದ ಮಳೆಯ ದಿನದಲ್ಲಿ ಎರಡು ಮೂರು ಗ್ರಾಂ ಹೆಚ್ಚು ತೂಗಿದರೆ ಆಶ್ಚರ್ಯಪಡಬೇಕಾಗಿಲ್ಲ. ಆದುದರಿಂದಲೇ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಕಾಗದವನ್ನು 23 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ನೂರಕ್ಕೆ 50ರ ಸಾಪೇಕ್ಷ ಆರ್ದ್ರತೆಯಲ್ಲಿ ಇರಿಸಿ ತೂಗುವರು.

ಹರಡಿಕೆ, ಸೋರಿಕೆ, ನೆರಳು

ಕಾಗದದ ಮೇಲೆ ಮಸಿ ಮಾಡುವ ತೊಂದರೆಗಳು ಮೂರು ಬಗೆ. ಇವನ್ನು ಬೇರ್ಪಡಿಸಿ ನೋಡದೆ ಇರುವುದೇ ಎಲ್ಲ ಗೊಂದಲಕ್ಕೂ ಮೂಲವೆಂದು ನಮ್ಮ ಅಭಿಪ್ರಾಯ. ಅಕ್ಷರದ ಅಂಚು ಚದರಿ ಬೇರಿನಂತೆ ಎಳೆಗಳೊಡೆಯುವುದು ಹರಡಿಕೆ. ಮಸಿಯೇ ಹಾಳೆಯನ್ನು ತೂರಿ ಹಿಂಬದಿಗೆ ಬರುವುದು ಸೋರಿಕೆ. ಮಸಿಯು ಮೇಲ್ಗಡೆಯೇ ನಿಂತಿದ್ದರೂ ಹಿಂಬದಿಯಿಂದ ನೋಡಿದಾಗ ಬರವಣಿಗೆಯು ಮಸುಕಾಗಿ ಕಾಣುವುದು ನೆರಳು. ಮೊದಲೆರಡು ದ್ರವದ ಚಲನೆಗೆ ಸಂಬಂಧಿಸಿದವು. ಮೂರನೆಯದು ಬೆಳಕಿಗೆ ಸಂಬಂಧಿಸಿದುದು. ಕಾಗದದ ಗ್ರಾಂ ಸಂಖ್ಯೆಯು ಈ ಮೂರನೆಯದಕ್ಕೆ ಮಾತ್ರ ಪ್ರಾಮಾಣಿಕವಾದ ಉತ್ತರವನ್ನು ಕೊಡುತ್ತದೆ.

ಕಾಗದವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಅದು ಗಟ್ಟಿಯಾದ ಹಲಗೆಯಲ್ಲ, ನಾರುಗಳ ಚಾಪೆ ಎಂಬುದು ತಿಳಿದಿರುತ್ತದೆ. ಒಂದು ಸಣ್ಣ ಲೆಕ್ಕದಿಂದಲೂ ಇದನ್ನು ಕಾಣಬಹುದು. 80 ಗ್ರಾಮಿನ ಕಾಗದವು 0.1 ಮಿಲಿಮೀಟರು ದಪ್ಪವಿದ್ದರೆ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 0.8 ಗ್ರಾಂ. ನಾರಿನ ಮೂಲವಸ್ತುವಾದ ಸೆಲ್ಯುಲೋಸಿನ ಸಾಂದ್ರತೆ ಸುಮಾರು 1.5. ಎಂದ ಮೇಲೆ ಹಾಳೆಯ ಗಾತ್ರದಲ್ಲಿ ಅರ್ಧಕ್ಕೆ ಸಮೀಪದಷ್ಟು ಬರಿಯ ಗಾಳಿ! ಈ ಗಾಳಿಯಿರುವ ಸಂದುಗಳೇ ಮಸಿಗೆ ದಾರಿ. ಸಪುರವಾದ ಗಾಜಿನ ಕೊಳವೆಯನ್ನು ನೀರಿನಲ್ಲಿ ಅದ್ದಿದರೆ ನೀರು ತಾನಾಗಿಯೇ ಮೇಲೇರುವುದನ್ನು ವಿದ್ಯಾರ್ಥಿಗಳು ಕಂಡಿದ್ದಾರೆ. ಇದೇ ಕೇಶಾಕರ್ಷಣ. ದೀಪದ ಬತ್ತಿಯಲ್ಲಿ ಎಣ್ಣೆಯನ್ನು ಏರಿಸುವುದೂ, ಪೆನ್ನಿನ ಮುಳ್ಳಿನ ಸೀಳಿನಲ್ಲಿ ಮಸಿಯನ್ನು ತುದಿಗೆ ತರುವುದೂ ಇದೇ. ಪೆನ್ನು ಮತ್ತು ಕಾಗದ ಇವೆರಡೂ ಒಂದೇ ಬಲದಿಂದ ಮಸಿಯನ್ನು ತಮ್ಮ ಕಡೆಗೆ ಎಳೆಯುತ್ತಿರುತ್ತವೆ. ಬರವಣಿಗೆಯೆಂಬುದು ಈ ಹಗ್ಗಜಗ್ಗಾಟದಲ್ಲಿ ಕಾಗದವು ಸ್ವಲ್ಪವೇ ಗೆಲ್ಲುವಂತೆ ಮಾಡಿದ ಏರ್ಪಾಡು.

ಸಪುರ ಕೊಳವೆಯೊಳಗೆ ದ್ರವವು ಎಷ್ಟು ಹೊತ್ತಿನಲ್ಲಿ ಎಷ್ಟು ದೂರ ಸಾಗುವುದೆಂಬ ನಿಯಮವನ್ನು 1918ರಲ್ಲಿ ಲ್ಯೂಕಾಸ್ ಎಂಬುವನೂ 1921ರಲ್ಲಿ ವಾಷ್‌ಬರ್ನ್ ಎಂಬುವನೂ ಕಂಡುಹಿಡಿದರು. ಮಾತಿನಲ್ಲಿ ಹೇಳುವುದಾದರೆ ಅದು ಹೀಗಿದೆ: ದ್ರವದ ಮೇಲ್ಮೈ ಎಳೆತ, ಕೊಳವೆಯ ತ್ರಿಜ್ಯ, ಕಾಲ ಮತ್ತು ಸ್ಪರ್ಶಕೋನದ ಕೊಸೈನ್, ಈ ನಾಲ್ಕನ್ನೂ ಗುಣಿಸಿ, ಸ್ನಿಗ್ಧತೆಯ ಎರಡರಷ್ಟರಿಂದ ಭಾಗಿಸಿದರೆ, ದ್ರವವು ಸಾಗಿದ ದೂರದ ವರ್ಗ ದೊರೆಯುತ್ತದೆ. ಈಗ ನಮ್ಮ ಹಾಳೆಗೆ ಇದನ್ನು ಅನ್ವಯಿಸೋಣ. ನೀರಿನ ಮೇಲ್ಮೈ ಎಳೆತ 25 ಡಿಗ್ರಿಯಲ್ಲಿ ಮೀಟರಿಗೆ 0.072 ನ್ಯೂಟನ್. ಮಸಿಯಲ್ಲಿ ಅದು ಕಡಮೆಯಿರುವುದರಿಂದ 0.05 ಎಂದು ಇಟ್ಟುಕೊಳ್ಳೋಣ. ಸ್ನಿಗ್ಧತೆಯು ನೀರಿನಷ್ಟೇ, 0.001 ಪಾಸ್ಕಲ್-ಸೆಕೆಂಡು ಎನ್ನೋಣ. ಸಂದಿನ ತ್ರಿಜ್ಯ ಮಿಲಿಮೀಟರಿನ ಸಾವಿರದ ಒಂದು ಪಾಲು. ನಾರು ಮಸಿಯಿಂದ ಪೂರ್ತಿಯಾಗಿ ನೆನೆಯುವುದಾದರೆ ಸ್ಪರ್ಶಕೋನ ಸೊನ್ನೆ, ಅದರ ಕೊಸೈನ್ ಒಂದು. ಹಾಳೆಯ ದಪ್ಪ 0.1 ಮಿಲಿಮೀಟರು.

ಲೆಕ್ಕ ಮಾಡಿದರೆ ಮಸಿಯು ಈ ಹಾಳೆಯನ್ನು ತೂರಲು ಬೇಕಾದ ಕಾಲ ಒಂದು ಸೆಕೆಂಡಿನ ಹತ್ತು ಸಾವಿರದಲ್ಲಿ ನಾಲ್ಕು ಪಾಲು ಮಾತ್ರ ಎಂದು ತಿಳಿಯುತ್ತದೆ! ಸರಿ, ಹಾಳೆಯ ದಪ್ಪವನ್ನು ಇಮ್ಮಡಿ ಮಾಡೋಣ, ಗ್ರಾಂ ಸಂಖ್ಯೆಯನ್ನು 80ರಿಂದ 160ಕ್ಕೆ ಏರಿಸೋಣ. ಕಾಲವು ದೂರದ ವರ್ಗಕ್ಕೆ ಅನುಗುಣವಾಗಿರುವುದರಿಂದ ನಾಲ್ಕು ಪಟ್ಟಾಗುತ್ತದೆ. ಆದರೂ ಅದು ಹತ್ತು ಸಾವಿರದಲ್ಲಿ ಹದಿನಾರು ಪಾಲು, ಒಂದು ಸೆಕೆಂಡಿನ ಆರುನೂರನೆಯ ಒಂದು ಭಾಗಕ್ಕೆ ಸಮೀಪ. ಮಸಿ ಒಣಗಲು ಬೇಕಾದುದು ಹಲವು ಸೆಕೆಂಡುಗಳು. ನಿಜವಾದ ಕಾಗದದಲ್ಲಿ ಸಂದುಗಳು ಕೊಳವೆಯಂತೆ ನೆಟ್ಟಗಿರುವುದಿಲ್ಲ. ಅವು ಡೊಂಕಾಗಿ, ಎಡೆಎಡೆಯಲ್ಲಿ ಮುಚ್ಚಿಕೊಂಡಿರುತ್ತವೆ. ಆದ್ದರಿಂದ ಕಾಲವು ಇನ್ನೂ ಹೆಚ್ಚು ಬೇಕಾಗುವುದೆಂಬುದು ದಿಟ. ಹತ್ತು ಪಟ್ಟು ಹೆಚ್ಚೆಂದು ಒಪ್ಪಿಕೊಂಡರೂ ವಾದವು ಬದಲಾಗುವುದಿಲ್ಲ. ನೆನೆಯುವ ನಾರಿನ ಕಾಗದವು ಎಷ್ಟು ದಪ್ಪವಿದ್ದರೂ ಮಸಿಯ ಮುಂದೆ ನಿಲ್ಲಲಾರದು. ಅದು ದಪ್ಪನೆಯ ಒತ್ತುಕಾಗದ, ಅಷ್ಟೆ.

ಹಾಗಾದರೆ ತಮ್ಮನ ನೋಟುಪುಸ್ತಕದ ತೆಳ್ಳನೆಯ ಹಾಳೆ ಹೇಗೆ ತಡೆಯಿತು? ಸೂತ್ರದಲ್ಲಿ ನಾವು ಒಂದೆಂದು ಇಟ್ಟುಕೊಂಡ ಕೊಸೈನಿನಲ್ಲಿ ಗುಟ್ಟಿದೆ. ನಾರಿನ ಮೇಲೆ ನೀರನ್ನು ಒಲ್ಲದ ವಸ್ತುವೊಂದನ್ನು ಲೇಪಿಸಿ ಸ್ಪರ್ಶಕೋನವನ್ನು 90 ಡಿಗ್ರಿಯ ಸಮೀಪಕ್ಕೆ ಒಯ್ದರೆ ಕೊಸೈನ್ ಸೊನ್ನೆಯ ಹತ್ತಿರ ಬರುತ್ತದೆ. 90ನ್ನು ದಾಟಿದರೆ ಅದು ಋಣವಾಗುತ್ತದೆ. ಆಗ ಸಂದುಗಳು ಮಸಿಯನ್ನು ಎಳೆಯುವುದರ ಬದಲು ಹೊರಗೆ ತಳ್ಳುತ್ತವೆ. ಕೆಸುವಿನೆಲೆಯ ಮೇಲೆ ನೀರಿನ ಹನಿ ಗುಂಡಗೆ ನಿಲ್ಲುವುದನ್ನು ನೋಡಿಲ್ಲವೆ? ಕಾಗದವನ್ನು ಅಷ್ಟರ ಮಟ್ಟಿಗೆ ಒಯ್ಯಬಾರದು. ಒಯ್ದರೆ ಮಸಿ ಅಂಟುವುದೇ ಇಲ್ಲ. ನೆನೆಯುವುದಕ್ಕೂ ನೆನೆಯದಿರುವುದಕ್ಕೂ ನಡುವೆ ಅದನ್ನು ನಿಲ್ಲಿಸುವುದೇ ಕಾಗದ ಮಾಡುವವರ ಜಾಣತನ.

ಗಂಜಿಯ ವಿದ್ಯೆ

ಮಗ್ಗದವರು ನೂಲಿಗೆ ಗಂಜಿ ಹಾಕುವಂತೆ ಕಾಗದದ ಕಾರ್ಖಾನೆಯವರೂ ನಾರಿಗೆ ಗಂಜಿ ಹಾಕುವರು. ಈ ಹೋಲಿಕೆ ಬರಿಯ ಅಲಂಕಾರವಲ್ಲ. ಕಾಗದದ ಹೊರಮೈಗೆ ಬಳಿಯುವುದು ಇಂದಿಗೂ ಬಹುಮಟ್ಟಿಗೆ ಪಿಷ್ಟದ ಗಂಜಿಯೇ. ಒಳಗಿನ ನಾರಿಗೆ ಕೂಡಿಸುವ ವಸ್ತು ಬೇರೆ. 1807ರಲ್ಲಿ ಜರ್ಮನಿಯ ಇಲ್ಲಿಗ್ ಎಂಬುವನು ಮರದ ರಾಳವನ್ನು ಪಟಿಕದೊಡನೆ ನಾರಿನ ಗಂಜಲಿನಲ್ಲಿಯೇ ಬೆರೆಸುವ ಕ್ರಮವನ್ನು ಪ್ರಕಟಿಸಿದನು. ಅದು ಅಗ್ಗ, ಸುಲಭ. ನೂರೈವತ್ತು ವರ್ಷಗಳಿಗೂ ಮಿಗಿಲಾಗಿ ಜಗತ್ತಿನ ಬರೆಯುವ ಕಾಗದವೆಲ್ಲ ಹೆಚ್ಚಾಗಿ ಹೀಗೆಯೇ ತಯಾರಾಯಿತು. ಆದರೆ ಪಟಿಕದಿಂದ ಕಾಗದದಲ್ಲಿ ಆಮ್ಲವು ಉಳಿದು, ಅದು ಸೆಲ್ಯುಲೋಸಿನ ಸರಪಣಿಗಳನ್ನು ಮೆಲ್ಲಮೆಲ್ಲನೆ ಕಡಿಯುತ್ತದೆ. ಅಜ್ಜನ ಕಾಲದ ಪುಸ್ತಕದ ಮೂಲೆಯನ್ನು ಮಡಿಸಿದರೆ ಹಪ್ಪಳದಂತೆ ಮುರಿಯುವುದಕ್ಕೆ ಇದು ಮುಖ್ಯ ಕಾರಣ. ಇಪ್ಪತ್ತನೆಯ ಶತಮಾನದ ನಡುವಿನಿಂದ ಆಮ್ಲವಿಲ್ಲದೆ ಕೆಲಸ ಮಾಡುವ ಕೃತಕ ಲೇಪಗಳು ಬಂದುವು. ಅವುಗಳೊಡನೆ ಸುಣ್ಣಕಲ್ಲಿನ ನುಣ್ಣನೆಯ ಪುಡಿಯನ್ನು ತುಂಬುವಸ್ತುವಾಗಿ ಬಳಸಲು ಸಾಧ್ಯವಾಯಿತು. ಐವತ್ತು ವರ್ಷಗಳ ಅನಂತರ ಮೊಮ್ಮಕ್ಕಳು ಓದಬೇಕೆಂದು ದಿನಚರಿ ಬರೆಯುವವರು ತೂಕಕ್ಕಿಂತಲೂ ಮೊದಲು ಇದನ್ನು ವಿಚಾರಿಸಬೇಕು. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಹಾಳೆಯ ಮೂಲೆಯ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿಯನ್ನಿಟ್ಟು ಮಸೂರದಿಂದ ನೋಡಿರಿ. ಸಣ್ಣ ಗುಳ್ಳೆಗಳೆದ್ದರೆ ಸುಣ್ಣದ ಪುಡಿಯಿದೆ, ಕಾಗದವು ಆಮ್ಲೀಯವಲ್ಲ.

ಬರೆಯುವ ಮೇಲ್ಮೈಗೆ ಅಂಟು ಕುಡಿಸುವ ವಿದ್ಯೆ ನಮ್ಮ ಹಂಪೆಗೂ ಹೊಸದಾಗಿರಲಿಲ್ಲ. ಇಮ್ಮಡಿ ದೇವರಾಯನ ಕಾಲದಲ್ಲಿ, 1443ರಲ್ಲಿ, ಹೆರಾತಿನ ಷಾರೂಖನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಇಲ್ಲಿಯ ಕಚೇರಿಯನ್ನು ವರ್ಣಿಸುತ್ತ, ಇಲ್ಲಿ ಎರಡು ಬಗೆಯ ಬರವಣಿಗೆಯಿದೆಯೆಂದು ಬರೆದಿದ್ದಾನೆ. ಎರಡು ಬೆರಳಗಲದ ಉದ್ದನೆಯ ಎಲೆಯ ಮೇಲೆ ಕಬ್ಬಿಣದ ಕಂಟದಿಂದ ಗೀರುವುದು ಒಂದು. ಬಿಳಿಯ ಮೇಲ್ಮೈಗೆ ಕಪ್ಪು ಬಳಿದು ಮೆದುಕಲ್ಲಿನ ಕಡ್ಡಿಯಿಂದ ಬರೆಯುವುದು ಇನ್ನೊಂದು. ಅದರಲ್ಲಿ ಅಕ್ಷರಗಳು ಕಪ್ಪಿನ ಮೇಲೆ ಬಿಳಿಯಾಗಿ ಮೂಡುತ್ತವೆ. ಎಲೆಯ ಬರಹವು ಬಹುಕಾಲ ಬಾಳದೆಂದೂ ಕಪ್ಪಿನ ಮೇಲಿನ ಬರಹಕ್ಕೆ ಹೆಚ್ಚಿನ ಮನ್ನಣೆಯೆಂದೂ ಅವನ ಅಭಿಪ್ರಾಯ. ನೂರಾರು ವರ್ಷಗಳ ಓಲೆಗರಿಗಳನ್ನು ನಾವು ಇಂದಿಗೂ ಓದುತ್ತಿರುವುದರಿಂದ ಮೊದಲನೆಯ ಮಾತನ್ನು ಪೂರ್ತಿಯಾಗಿ ಒಪ್ಪಲಾರೆವು. ಆದರೆ ಎರಡನೆಯದು ಕುತೂಹಲಕರ. ಅವನು ಕಂಡ ಕಪ್ಪು ಬರಹವು ಕಡತದ ಬರಹವನ್ನೇ ಹೋಲುತ್ತದೆ. ಬಟ್ಟೆಗೆ ಇದ್ದಲಿನ ಪುಡಿಯನ್ನೂ ಹುಣಿಸೆಬೀಜದ ಅಂಟನ್ನೂ ಕೂಡಿಸಿ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತಗಳು ನಮ್ಮ ನಾಡಿನಲ್ಲಿ ಬಹುಕಾಲ ಬಳಕೆಯಲ್ಲಿದ್ದುವು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದುಬಂದಿವೆ. (ಇಂದು ಸರಕಾರದ ಕಚೇರಿಯ ಫೈಲಿಗೂ ನಾವು ಕಡತವೆಂದೇ ಹೇಳುತ್ತೇವೆ. ಬಟ್ಟೆ ಹೋಯಿತು, ಬಳಪ ಹೋಯಿತು, ಹೆಸರು ಉಳಿಯಿತು.)

ಹುಣಿಸೆಬೀಜದ ಅಂಟು ಮಾಡುತ್ತಿದ್ದುದು ಕಾಗದದ ಗಂಜಿ ಮಾಡುವುದನ್ನೇ. ನೂಲಿನ ಸಂದುಗಳನ್ನು ಮುಚ್ಚಿ ಬರೆಯಲು ಬಿಗಿಯಾದ ಮೈಯನ್ನು ಅದು ಕೊಡುತ್ತಿತ್ತು. ನೇಯ್ಗೆಯ ನೂಲಿಗೆ ಗಂಜಿಯಾಗಿ ಹುಣಿಸೆಬೀಜದ ಹಿಟ್ಟನ್ನು ಇಂದಿಗೂ ಬಳಸುವುದುಂಟು. ಓಲೆಗರಿಗಾಗಲಿ ಕಡತಕ್ಕಾಗಲಿ ನೀರಾದ ಮಸಿಯ ಕಾಟವಿರಲಿಲ್ಲ. ಗೀರಿದ ಗರಿಗೆ ಕಾಡಿಗೆಯನ್ನು ಒರೆಸುತ್ತಿದ್ದರು, ಅದು ಗೀರಿನಲ್ಲಿ ಮಾತ್ರ ನಿಲ್ಲುತ್ತಿತ್ತು. ಹರಿಯುವ ಮಸಿಯಿಂದ ಬರೆಯುತ್ತಿದ್ದ ರಜಾಕನ ನಾಡಿನಲ್ಲಿ ಕಾಗದಕ್ಕೆ ಪಿಷ್ಟದ ಗಂಜಿಯನ್ನು ಬಳಿದು, ನುಣುಪು ಕಲ್ಲಿನಿಂದ ತಿಕ್ಕಿ ಹೊಳಪು ತರುತ್ತಿದ್ದರು. ಪಶ್ಚಿಮ ಯೂರೋಪಿನವರು ಪ್ರಾಣಿಗಳ ತೊಗಲಿನಿಂದ ಬೇಯಿಸಿದ ಜೆಲಟಿನ್ನಿನಲ್ಲಿ ಹಾಳೆಯನ್ನು ಅದ್ದುತ್ತಿದ್ದರು. ನಾಡು ಬೇರೆ, ಸಾಮಗ್ರಿ ಬೇರೆ. ಕೆಲಸ ಮಾತ್ರ ಒಂದೇ.

ಈಗಿನ ಕಾಗದಗಳಲ್ಲಿ ಇದರ ಕಣ್ಣಿಗೆ ಕಟ್ಟುವ ನಿದರ್ಶನ ಜಪಾನಿನ ತೊಮೊಎ ರಿವರ್ ಎಂಬ ಕಾಗದ. ಅದರ ಪ್ರಸಿದ್ಧವಾದ ಬಗೆ ಕೇವಲ 52 ಗ್ರಾಮಿನದು. ಹಿಡಿದರೆ ಈರುಳ್ಳಿಯ ಸಿಪ್ಪೆಯಂತೆ ಸರಸರ ಎನ್ನುತ್ತದೆ. ಆದರೂ ಮಸಿಪೆನ್ನಿನ ಬಳಕೆದಾರರು ಜಗತ್ತಿನಾದ್ಯಂತ ಅದನ್ನು ಹುಡುಕಿ ಕೊಳ್ಳುವರು. ಅದರ ಮೇಲೆ ಮಸಿ ಹರಡದು, ಸೋರದು. ದೋಷಗಳು ಎರಡು: ಒಣಗಲು ತಡ, ಮತ್ತು ಹಿಂಬದಿಯಲ್ಲಿ ನೆರಳು ಚೆನ್ನಾಗಿಯೇ ಕಾಣುತ್ತದೆ. ಇದಕ್ಕೆ ಎದುರಾಗಿ ಯಂತ್ರಪ್ರತಿಗೆಂದು ಮಾಡಿದ 80 ಗ್ರಾಮಿನ ಕೆಲವು ಕಾಗದಗಳಲ್ಲಿ ಮಸಿ ಕಣ್ಣೆದುರಿಗೇ ಬೇರುಬಿಡುತ್ತದೆ. ಅದು ಆ ಕಾಗದದ ತಪ್ಪಲ್ಲ. ಒಣಪುಡಿಯನ್ನು ಶಾಖದಿಂದ ಅಂಟಿಸುವ ಯಂತ್ರಕ್ಕಾಗಿ ಮಾಡಿದುದಕ್ಕೆ ಹರಿಯುವ ಮಸಿಯನ್ನು ತಡೆಯುವ ಹೊಣೆಯಿಲ್ಲ.

ಕಂಪ್ಲಿಯ ಸುತ್ತಿನ ಕಬ್ಬಿನ ಗದ್ದೆಗಳನ್ನು ಕಂಡವರು ಕಬ್ಬಿನ ಹಿಪ್ಪೆಯಿಂದ ಕಾಗದವಾಗುವುದನ್ನು ಕೇಳಿರಬಹುದು. ತಮಿಳುನಾಡಿನ ಕರೂರಿನ ಬಳಿ, 1979ರಲ್ಲಿ ಸ್ಥಾಪಿತವಾದ ಸರಕಾರಿ ಕಂಪನಿಯ ಕಾರ್ಖಾನೆಯಲ್ಲಿ ಹಿಪ್ಪೆಯೇ ಮುಖ್ಯ ಕಚ್ಚಾವಸ್ತು. ಹಿಪ್ಪೆಯ ಕಾಗದ ಮಸಿಪೆನ್ನಿಗೆ ಒಳ್ಳೆಯದೋ ಕೆಟ್ಟದೋ ಎಂದು ಕೇಳುವವರಿದ್ದಾರೆ. ಹಿಪ್ಪೆಯ ನಾರು ಒಂದರಿಂದ ಒಂದೂವರೆ ಮಿಲಿಮೀಟರು ಉದ್ದ, ಪೈನ್ ಮರದ ನಾರು ಸುಮಾರು ಮೂರು ಮಿಲಿಮೀಟರು. ಚಿಕ್ಕ ನಾರು ಒತ್ತಾಗಿ ಕೂತು ಮೈ ನುಣುಪಾಗುವುದಕ್ಕೆ ಸಹಾಯಕ, ಹರಿಯದೆ ನಿಲ್ಲುವ ಬಲ ಮಾತ್ರ ಕಡಮೆ. ಮಸಿಯ ವಿಷಯದಲ್ಲಿ ಕೊನೆಯ ಮಾತು ಇಲ್ಲಿಯೂ ಗಂಜಿಯದೇ. ಚೆನ್ನಾಗಿ ಗಂಜಿ ಕುಡಿದ ಹಿಪ್ಪೆಯ ಕಾಗದವು ಗಂಜಿ ಸಾಲದ ಮರದ ಕಾಗದಕ್ಕಿಂತ ಎಷ್ಟೋ ಮೇಲು.

ತೂಕದಿಂದ ಆಗುವ ಉಪಕಾರ

ಇಷ್ಟೆಲ್ಲ ಹೇಳಿ, ತೂಕವು ವ್ಯರ್ಥವೆಂದು ವಾದಿಸುವುದು ನಮ್ಮ ಉದ್ದೇಶವಲ್ಲ. ನೆರಳಿನ ವಿಷಯವನ್ನು ನೋಡೋಣ. ಸಂಜೆಯ ಹೊತ್ತು ಹೊಸಪೇಟೆಯಲ್ಲಿ ಮಿರ್ಚಿಯನ್ನು ಕಾಗದದಲ್ಲಿ ಕಟ್ಟಿಸಿಕೊಂಡವರೆಲ್ಲರೂ ಒಂದು ಪ್ರಯೋಗವನ್ನು ಮಾಡಿಯೇ ಇದ್ದಾರೆ. ಎಣ್ಣೆ ತಗುಲಿದ ಕಡೆ ಕಾಗದವು ಪಾರಕವಾಗಿ, ಅದರಾಚೆಯ ಬೆರಳು ಕಾಣತೊಡಗುತ್ತದೆ. ಏಕೆ? ಕಾಗದದ ಬಿಳುಪು ನಾರಿನ ಬಣ್ಣವಲ್ಲ. ನಾರಿನಿಂದ ಗಾಳಿಗೆ, ಗಾಳಿಯಿಂದ ನಾರಿಗೆ ಸಾವಿರ ಸಲ ದಾಟುವ ಬೆಳಕು ಪ್ರತಿಯೊಂದು ಗಡಿಯಲ್ಲಿಯೂ ಸ್ವಲ್ಪ ಚದರುತ್ತದೆ. ಗಾಳಿಯ ವಕ್ರೀಭವನಾಂಕ 1, ಸೆಲ್ಯುಲೋಸಿನದು ಸುಮಾರು 1.53. ಗಾಳಿಯ ಸ್ಥಳಕ್ಕೆ 1.47ರ ಕಡಲೆಕಾಯಿ ಎಣ್ಣೆ ಬಂದರೆ ಗಡಿಯೇ ಅಳಿಸಿದಂತಾಗಿ ಬೆಳಕು ನೇರವಾಗಿ ಸಾಗುತ್ತದೆ. ಕಾಗದದಲ್ಲಿ ನಾರು ಹೆಚ್ಚಿದ್ದಷ್ಟೂ ಇಂಥ ಗಡಿಗಳು ಹೆಚ್ಚು, ಬೆಳಕಿನ ಚದರಿಕೆಯೂ ಹೆಚ್ಚು, ಹಿಂಬದಿಯ ಬರಹದ ನೆರಳು ಕಡಮೆ. ಆದುದರಿಂದ ಹಾಳೆಯ ಎರಡೂ ಕಡೆ ಬರೆಯಬೇಕಾದವರು ತೂಕವನ್ನು ನೋಡುವುದು ನ್ಯಾಯವಾದುದೇ. ಸುಣ್ಣದ ಪುಡಿ ಮುಂತಾದ ತುಂಬುವಸ್ತುಗಳೂ ಇದೇ ಕೆಲಸ ಮಾಡುವುದರಿಂದ, ಒಳ್ಳೆಯ 70 ಗ್ರಾಮಿನ ಕಾಗದವು ಕೆಲವೊಮ್ಮೆ ಸಾಧಾರಣವಾದ 80 ಗ್ರಾಮಿನದಕ್ಕೆ ಸಮನಾಗುವುದುಂಟು.

ಇನ್ನೊಂದು ಗುಣ ಬಿಗಿತ. ಒಂದೇ ಸಾಂದ್ರತೆಯ ಹಾಳೆಯ ದಪ್ಪ ಇಮ್ಮಡಿಯಾದರೆ ಬಾಗುವುದಕ್ಕೆ ಅದು ತೋರುವ ವಿರೋಧ ಎಂಟು ಪಟ್ಟಾಗುತ್ತದೆ. ಏಕೆಂದರೆ ಬಿಗಿತವು ದಪ್ಪದ ಘನಕ್ಕೆ ಅನುಗುಣ. ಭಾರವಾದ ಕಾಗದವನ್ನು ಬೆರಳಿನಲ್ಲಿ ಹಿಡಿದೊಡನೆ "ಇದು ಒಳ್ಳೆಯ ಕಾಗದ" ಎಂದು ನಮಗೆ ಅನ್ನಿಸುವುದು ಈ ಬಿಗಿತದಿಂದ. ಬೆರಳಿಗೆ ದಪ್ಪ ತಿಳಿಯುತ್ತದೆ, ಸ್ಪರ್ಶಕೋನ ತಿಳಿಯುವುದಿಲ್ಲ!

ತೂಕಕ್ಕೆ ಬೆಲೆಯನ್ನು ಅಂಗಡಿಯಲ್ಲಿ ಮಾತ್ರವಲ್ಲ, ಬೆನ್ನಿನ ಮೇಲೂ ತೆರಬೇಕಾಗುತ್ತದೆ. ಎ-4 ಅಳತೆಯ ನೂರು ಹಾಳೆಗಳ ಪುಸ್ತಕವು 60 ಗ್ರಾಮಿನ ಕಾಗದದಲ್ಲಿ ಸುಮಾರು 374 ಗ್ರಾಂ, 100 ಗ್ರಾಮಿನದರಲ್ಲಿ ಸುಮಾರು 624 ಗ್ರಾಂ ತೂಗುತ್ತದೆ. ಆರು ವಿಷಯಗಳಿಗೆ ಆರು ಪುಸ್ತಕಗಳಾದರೆ ಚೀಲದಲ್ಲಿ ಒಂದೂವರೆ ಕಿಲೋ ಹೆಚ್ಚು. ಸಂಡೂರಿನ ಘಟ್ಟದ ದಾರಿಯಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತು ಬರುವವರಿಗೆ ಒಂದೂವರೆ ಕಿಲೋ ಚಿಕ್ಕ ಮಾತಲ್ಲ. ಅದೇ ದಾರಿಯ ಅದಿರಿನ ಕೆಂಪು ಧೂಳನ್ನೂ ಇಲ್ಲಿಯೇ ಹೇಳಿಬಿಡುವೆವು. ಹಾಳೆಯ ಮೇಲೆ ಕುಳಿತ ಧೂಳು ಮುಳ್ಳಿನ ಸೀಳಿನಲ್ಲಿ ಸಿಕ್ಕಿ ಮಸಿಯ ಹರಿವನ್ನು ಕೆಡಿಸುತ್ತದೆ. ಬರೆಯುವ ಮೊದಲು ಹಾಳೆಯನ್ನೊಮ್ಮೆ ಒಣಬಟ್ಟೆಯಿಂದ ಒರೆಸುವುದು ಲೇಸು. ಬೇಸಗೆಯಲ್ಲಿ ಅಂಗೈಯ ಬೆವರೂ ಜಿಡ್ಡೂ ಹಾಳೆಗೆ ತಗುಲಿದರೆ ಒಂದು ಕಡೆ ಮಸಿ ಹತ್ತದು, ಇನ್ನೊಂದು ಕಡೆ ಹರಡುವುದು. ಕೈಯ ಕೆಳಗೆ ಬೇರೊಂದು ಹಾಳೆಯನ್ನಿಟ್ಟುಕೊಂಡರೆ ಸಾಕು.

ನಮ್ಮ ಮತವನ್ನು ಕೇಳುವವರಿಗೆ ಇಷ್ಟು ಹೇಳಬಹುದು. ತರಗತಿಯ ಟಿಪ್ಪಣಿಗೆ ಚೆನ್ನಾಗಿ ಗಂಜಿ ಹಾಕಿದ 60ರಿಂದ 70 ಗ್ರಾಮಿನ ಕಾಗದವು ಧಾರಾಳವಾಗಿ ಸಾಕು. ಎರಡು ಕಡೆಯೂ ಬರೆಯುವ ದಿನಚರಿಗೆ 75ರಿಂದ 90. ಬಾಂಡ್ ಮತ್ತು ಲೆಜರ್ ಎಂಬ ಹೆಸರಿನ ಕಾಗದಗಳು ಮೊದಲಿನಿಂದಲೂ ಪೆನ್ನು ಮಸಿಗೆಂದೇ ಮಾಡಿದವು. ದೊರೆತರೆ ಅವನ್ನು ಬಿಡಬಾರದು. ಅಗಲ ಮುಳ್ಳಿನ ಪೆನ್ನು ಹೆಚ್ಚು ಮಸಿಯನ್ನು ಸುರಿಯುವುದರಿಂದ ಕಾಗದವನ್ನು ಕೊಳ್ಳುವ ಬದಲು ಸಣ್ಣ ಮುಳ್ಳಿಗೆ ಬದಲಾಯಿಸಿದರೂ ಎಷ್ಟೋ ಸಲ ತೊಂದರೆ ತೀರುತ್ತದೆ.

ಕೊಳ್ಳುವ ಮೊದಲು ಮಾಡುವ ಪರೀಕ್ಷೆ

ಗಂಜಿಯನ್ನು ಅಳೆಯಲು ಕಾರ್ಖಾನೆಗಳಲ್ಲಿ ಕಾಬ್ ಪರೀಕ್ಷೆ ಎಂಬುದಿದೆ. 100 ಚದರ ಸೆಂಟಿಮೀಟರಿನ ಬಳೆಯೊಳಗೆ ಕಾಗದದ ಮೇಲೆ ನೀರನ್ನು ಸುರಿದು, 60 ಸೆಕೆಂಡುಗಳಲ್ಲಿ ಅದು ಎಷ್ಟು ಹೀರಿತೆಂದು ತೂಗುವರು. ಬರೆಯುವ ಒಳ್ಳೆಯ ಕಾಗದವು ಚದರ ಮೀಟರಿಗೆ 20ರಿಂದ 30 ಗ್ರಾಂ ನೀರನ್ನು ಹೀರುತ್ತದೆ. ಈ ಸಂಖ್ಯೆಯನ್ನೂ ಕಟ್ಟಿನ ಮೇಲೆ ಅಚ್ಚುಹಾಕಿದ್ದರೆ ನಮ್ಮ ವಿದ್ಯಾರ್ಥಿನಿಯ ಹಣ ಉಳಿಯುತ್ತಿತ್ತು.

ಮನೆಯಲ್ಲಿ ಮಾಡಲು ಇದಕ್ಕಿಂತ ಸರಳವಾದ ಹಳೆಯ ಪರೀಕ್ಷೆಯೊಂದಿದೆ. ಐದು ಸೆಂಟಿಮೀಟರು ಚೌಕದ ತುಂಡಿನ ನಾಲ್ಕು ಅಂಚುಗಳನ್ನೂ ಅರ್ಧ ಸೆಂಟಿಮೀಟರು ಮೇಲಕ್ಕೆ ಮಡಿಸಿ ಚಿಕ್ಕ ತಟ್ಟೆಯಂತೆ ಮಾಡಿರಿ. ಬರೆಯುವ ಮೈ ಕೆಳಗಿರಲಿ. ಅಗಲವಾದ ತಟ್ಟೆಯಲ್ಲಿ ಪೆನ್ನಿನ ಮಸಿಯನ್ನು ತೆಳ್ಳಗೆ ಸುರಿದು ಅದರ ಮೇಲೆ ಈ ಕಾಗದದ ದೋಣಿಯನ್ನು ತೇಲಬಿಟ್ಟು ಗಡಿಯಾರವನ್ನು ನೋಡಿರಿ. ಮೇಲ್ಗಡೆ ಮೊದಲನೆಯ ಬಣ್ಣದ ಚುಕ್ಕೆ ಕಾಣಿಸಿಕೊಂಡ ಕಾಲವನ್ನೂ, ಅರ್ಧ ಭಾಗ ಬಣ್ಣವಾದ ಕಾಲವನ್ನೂ ಬರೆದುಕೊಳ್ಳಿರಿ. ಒತ್ತುಕಾಗದವು ತೇಲಬಿಟ್ಟ ಕ್ಷಣದಲ್ಲಿಯೇ ಪೂರ್ತಿಯಾಗಿ ನೆನೆಯುತ್ತದೆ. ಚೆನ್ನಾಗಿ ಗಂಜಿ ಹಾಕಿದ ಹಾಳೆಯಲ್ಲಿ ನಿಮಿಷಗಳೇ ಕಳೆಯುತ್ತವೆ. ಪ್ರತಿಯೊಂದು ಕಾಗದದಲ್ಲಿಯೂ ಮೂರು ಸಲ ಮಾಡಿ ಸರಾಸರಿಯನ್ನು ತೆಗೆಯಬೇಕು. ಯಂತ್ರದ ಜಾಲರಿಗೆ ತಾಗಿದ ಮೈ ಇನ್ನೊಂದರಂತೆ ಇರದಿರುವುದರಿಂದ ಎರಡು ಮೈಗಳನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ನಾಲ್ಕೈದು ಬಗೆಯ ಕಾಗದಗಳ ಗ್ರಾಂ ಸಂಖ್ಯೆಯನ್ನು ಒಂದು ಅಕ್ಷದ ಮೇಲೂ ಸೆಕೆಂಡುಗಳನ್ನು ಇನ್ನೊಂದು ಅಕ್ಷದ ಮೇಲೂ ಗುರುತಿಸಿ ನಕ್ಷೆ ಬರೆದರೆ, ಬಿಂದುಗಳು ಒಂದು ಗೆರೆಯ ಮೇಲೆ ಕೂಡುತ್ತವೆಯೋ ಚದರಿಹೋಗುತ್ತವೆಯೋ ಎಂಬುದು ವಿದ್ಯಾರ್ಥಿಗಳಿಗೆ ತಾನಾಗಿಯೇ ಗೋಚರವಾಗುವುದು.

ಪರೀಕ್ಷೆಗೆ ಸುರಿದ ಮಸಿಯನ್ನು ಮರಳಿ ಬಾಟಲಿಗೆ ಹಾಕಕೂಡದು. ಕಾಗದದಿಂದ ಬಿಡಿಸಿಕೊಂಡ ಸಣ್ಣ ನಾರುಗಳು ಅದರಲ್ಲಿ ಸೇರಿರುತ್ತವೆ, ಅವು ಪೆನ್ನಿನ ನಾಲಗೆಯ ಗೀರುಗಳಲ್ಲಿ ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ.